ಗಡಿಯಾಚೆಯವರ ಜೊತೆ ಕೆಲಸ: ಮೀನಿನ ಲೈಸೆನ್ಸಿನಿಂದ ಶುರು ಮಾಡಿ

ಹಿಂಸೆ ನಿಂತ ಮೇಲೆ ಗಡಿಯ ಎರಡೂ ಬದಿಯವರನ್ನು ಒಂದೇ ಮೇಜಿಗೆ ತರಬೇಕಾದಾಗ ಬಹಳಷ್ಟು ಜನ ದೊಡ್ಡ ವಿಷಯಕ್ಕೇ ಕೈಹಾಕುತ್ತಾರೆ: ಗುರುತು, ಇತಿಹಾಸ, ಪೊಲೀಸು. ಮೊದಲ ಎರಡು ಸಭೆಗಳಲ್ಲೇ ಮಾತು ಮುರಿದುಬೀಳುತ್ತದೆ. ಐರ್ಲೆಂಡ್ ದ್ವೀಪದಲ್ಲಿ ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ದಕ್ಷಿಣದ ಸ್ವತಂತ್ರ ಐರ್ಲೆಂಡ್ ದೇಶಕ್ಕೂ ನಡುವೆ ಗಡಿಯಿದೆ. ಅಲ್ಲಿ ಉಳಿದು ಬಂದ ಸಹಕಾರವನ್ನು ನೋಡಿದರೆ, ಅದರ ಬೇರು ತೀರಾ ಸಣ್ಣ, ಸಪ್ಪೆ ಎನಿಸುವ ಕೆಲಸಗಳಲ್ಲಿದೆ. ಗಡಿಯ ಫಾಯ್ಲ್ ನದಿ ವ್ಯವಸ್ಥೆಯ ಸಾಲ್ಮನ್ ಮೀನುಗಾರಿಕೆಗೆ ಎರಡೂ ಬದಿಯ ಸರ್ಕಾರಗಳು 1952ರಲ್ಲೇ ಜಂಟಿ ಆಯೋಗ ಮಾಡಿಕೊಂಡಿದ್ದವು. ಮುಂದೆ ಮೂವತ್ತು ವರ್ಷದ ರಕ್ತಪಾತದ ನಡುವೆಯೂ ಅದು ಮುಚ್ಚಲಿಲ್ಲ. ನದಿಯ ಒಂದು ದಡದಲ್ಲಿ ಬಲೆಗೆ ಲೈಸೆನ್ಸ್ ಕೊಟ್ಟು ಇನ್ನೊಂದು ದಡದಲ್ಲಿ ಸುಮ್ಮನಿದ್ದರೆ ಮೀನು ಯಾರಿಗೂ ಉಳಿಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ರಕ್ತಪಾತಕ್ಕೆ ಕೊನೆ ಹಾಡಲು ಮಾಡಿಕೊಂಡ 1998ರ ಗುಡ್ ಫ್ರೈಡೇ ಒಪ್ಪಂದ ಇದೇ ಜಾಡು ಹಿಡಿಯಿತು. ಆರು ಜಂಟಿ ಸಂಸ್ಥೆಗಳು ಬಂದವು: ಒಳನಾಡಿನ ಜಲಮಾರ್ಗ, ಆಹಾರ ಸುರಕ್ಷತೆ, ವ್ಯಾಪಾರ, ಭಾಷೆ, ಯುರೋಪಿನ ಅನುದಾನ, ಮತ್ತು ಫಾಯ್ಲ್–ಕಾರ್ಲಿಂಗ್‌ಫರ್ಡ್ ಜಲಪ್ರದೇಶ ಹಾಗೂ ದೀಪಸ್ತಂಭ. ಕೃಷಿ, ಶಿಕ್ಷಣ, ಪರಿಸರ, ಆರೋಗ್ಯ, ಪ್ರವಾಸೋದ್ಯಮ, ಸಾರಿಗೆ ಎಂಬ ಇನ್ನಾರು ಕ್ಷೇತ್ರಗಳಿಗೆ ಹೊಸ ಸಂಸ್ಥೆ ಬೇಡ, ಆಯಾ ಬದಿಯ ಇಲಾಖೆಗಳೇ ಕೂಡಿ ಮಾಡಲಿ ಎಂದಾಯಿತು. ಇವೆಲ್ಲದರ ಮೇಲೆ, ಎರಡೂ ಬದಿಯ ಮಂತ್ರಿಗಳು ಕೂರುವ ಉತ್ತರ–ದಕ್ಷಿಣ ಮಂತ್ರಿಗಳ ಪರಿಷತ್ತು. ಅಲ್ಲಿ ಮತ ಎಣಿಸುವುದಿಲ್ಲ, ಇಬ್ಬರೂ ಒಪ್ಪಿದರೆ ಮಾತ್ರ ನಿರ್ಣಯ. ಉತ್ತರ ಐರ್ಲೆಂಡಿನ ಆರ್ಮಾದಲ್ಲಿರುವ ಪರಿಷತ್ತಿನ ಕಾರ್ಯಾಲಯದಲ್ಲಿ ಎರಡೂ ಸರ್ಕಾರಗಳ ನೌಕರರು ಒಂದೇ ಸೂರಿನಡಿ ಕೂರುತ್ತಾರೆ. ಈ ಕಾರ್ಯಾಲಯವೇ ವ್ಯವಸ್ಥೆಯ ಅಚ್ಚು. ಮಂತ್ರಿಗಳು ಬದಲಾದರೂ ಕಡತ ಎಲ್ಲಿಗೆ ಬಂದು ನಿಂತಿದೆ ಎಂದು ತಿಳಿದವರು ಅಲ್ಲೇ ಇರುತ್ತಾರೆ.

2002ರ ಅಕ್ಟೋಬರಿನಲ್ಲಿ ಉತ್ತರ ಐರ್ಲೆಂಡಿನ ರಾಜಧಾನಿ ಬೆಲ್‌ಫಾಸ್ಟ್‌ನ ವಿಧಾನಸಭೆ ಅಮಾನತಾಯಿತು. ಮತ್ತೆ ಕೂಡಿದ್ದು 2007ರ ಮೇ ತಿಂಗಳಲ್ಲಿ. ಉತ್ತರದ ಕಡೆ ಮಂತ್ರಿಗಳೇ ಇಲ್ಲದ ಕಾರಣ ಆ ನಾಲ್ಕೂವರೆ ವರ್ಷ ಮಂತ್ರಿ ಪರಿಷತ್ತು ಸೇರಲಿಲ್ಲ. ಆದರೆ ಜಂಟಿ ಸಂಸ್ಥೆಗಳು ನಡೆದೇ ನಡೆದವು. ಅವು ಹುಟ್ಟಿದ್ದು ಎರಡು ರಾಷ್ಟ್ರಗಳ ನಡುವಿನ 1999ರ ಕರಾರಿನಿಂದ, ಹಾಗಾಗಿ ಲಂಡನ್ ಮತ್ತು ಡಬ್ಲಿನ್ ಸರ್ಕಾರಗಳು ಸೇರಿ ಅವುಗಳ ಉಸಿರು ಹಿಡಿದಿಟ್ಟವು. ಹೊಸ ನೀತಿ ಇಲ್ಲ, ದಿನದ ಕೆಲಸ ಮಾತ್ರ.

ಅದೇ ಹೊತ್ತಿನಲ್ಲಿ, ಒಪ್ಪಂದದಡಿ ಉತ್ತರ ಐರ್ಲೆಂಡಿನ ಸರ್ಕಾರಕ್ಕೆ ಸಲಹೆ ಕೊಡಲು ಮಾಡಿದ ನಾಗರಿಕ ವೇದಿಕೆಗೆ ಏನಾಯಿತು ನೋಡಿ. 2000ರ ಅಕ್ಟೋಬರಿನಲ್ಲಿ ಶುರುವಾದ ಈ ವೇದಿಕೆಯಲ್ಲಿ ಅಧ್ಯಕ್ಷರನ್ನು ಬಿಟ್ಟು 60 ಸದಸ್ಯರು: ಸ್ವಯಂಸೇವಾ ಮತ್ತು ಸಮುದಾಯ ಸಂಘಟನೆಗಳಿಂದ 18, ಉದ್ಯಮದಿಂದ 7, ಕಾರ್ಮಿಕ ಸಂಘಗಳಿಂದ 7, ಚರ್ಚುಗಳಿಂದ 5, ಹಿಂಸೆಗೆ ಬಲಿಯಾದವರ ಪರವಾಗಿ ಬರೀ 2. ಹಂಚಿಕೆ ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಅದು ಕೊಟ್ಟ ಸಲಹೆಗೆ ಸರ್ಕಾರ ಇಂತಿಷ್ಟು ದಿನದೊಳಗೆ ಲಿಖಿತ ಜವಾಬು ಕೊಡಲೇಬೇಕು ಎಂಬ ಕಟ್ಟುಪಾಡಿರಲಿಲ್ಲ. ಅದನ್ನು ಕರೆಯುವುದು, ಬಿಡುವುದು ಆ ಸರ್ಕಾರದ ಮುಖ್ಯಸ್ಥರಾದ ಪ್ರಥಮ ಮಂತ್ರಿ ಮತ್ತು ಉಪ ಪ್ರಥಮ ಮಂತ್ರಿಯ ಕೈಯಲ್ಲಿತ್ತು. ವಿಧಾನಸಭೆಯ ಜೊತೆಗೇ ಅಮಾನತಾದ ವೇದಿಕೆ ಮತ್ತೆಂದೂ ಸೇರಲಿಲ್ಲ. ಎರಡೂ ಬದಿಯ ನಾಗರಿಕರಿಗೆ ಒಂದು ಸಮಾಲೋಚನಾ ವೇದಿಕೆ ಮಾಡುವುದನ್ನು ಪರಿಶೀಲಿಸಬೇಕೆಂದು ಒಪ್ಪಂದದಲ್ಲೇ ಬರೆದಿತ್ತು. ಅದೂ ಹುಟ್ಟಲಿಲ್ಲ. ಮೀನಿಗೆ ಸಿಕ್ಕ ಕರಾರಿನ ಆಸರೆ ಜನರ ದನಿಗೆ ಸಿಗದೇ ಹೋದದ್ದು ಈ ಒಪ್ಪಂದದ ಅತಿ ದೊಡ್ಡ ಕೊರತೆ ಎಂದೇ ನಾವು ತಿಳಿಯುತ್ತೇವೆ.

ಜನ ನಿಜವಾಗಿ ಪಾಲ್ಗೊಂಡದ್ದು ದುಡ್ಡು ಹಂಚುವ ಜಾಗದಲ್ಲಿ. 1995ರಲ್ಲಿ ಶುರುವಾದ ಯುರೋಪಿಯನ್ ಒಕ್ಕೂಟದ ಪೀಸ್ (ಶಾಂತಿ) ಅನುದಾನ ಕಾರ್ಯಕ್ರಮದಡಿ ಉತ್ತರ ಐರ್ಲೆಂಡಿನಲ್ಲಿ 26 ಜಿಲ್ಲಾ ಸಹಭಾಗಿತ್ವ ಮಂಡಳಿಗಳಿದ್ದವು. ಮೂರನೇ ಒಂದು ಭಾಗ ಚುನಾಯಿತ ಕೌನ್ಸಿಲರುಗಳು, ಇನ್ನೊಂದು ಭಾಗ ಸಮುದಾಯ ಸಂಘಟನೆಗಳು, ಉಳಿದದ್ದು ಉದ್ಯಮ, ಕಾರ್ಮಿಕ ಸಂಘ ಮತ್ತು ಸರ್ಕಾರಿ ಸಂಸ್ಥೆಗಳವರು. ಮಾತೇ ಆಡದ ಪಕ್ಷಗಳವರು ಯಾವ ಬೀದಿಯ ಯುವಕರ ಕೇಂದ್ರಕ್ಕೆ ಎಷ್ಟು ಎಂದು ಒಟ್ಟಿಗೆ ಕೂತು ತೀರ್ಮಾನಿಸಬೇಕಾಯಿತು.

ಇಲ್ಲಿ ಎಡವುವುದು ಎಲ್ಲೆಂದರೆ ಲೆಕ್ಕಪತ್ರದಲ್ಲಿ. ಇಂಥ ಅನುದಾನ ಸಾಮಾನ್ಯವಾಗಿ ಮುಂಗಡ ಬರುವುದಿಲ್ಲ. ಮೊದಲು ಖರ್ಚು ಮಾಡಿ, ವೋಚರ್ ಇಟ್ಟು, ಆಮೇಲೆ ಕ್ಲೇಮು ಮಾಡಬೇಕು. ದೊಡ್ಡ ಕೌನ್ಸಿಲು ಆರು ತಿಂಗಳು ತಡೆದುಕೊಳ್ಳುತ್ತದೆ. ಇಬ್ಬರೇ ನೌಕರರಿರುವ ಮಹಿಳಾ ಸಂಘ ಎರಡನೇ ತಿಂಗಳಿಗೇ ಸಂಬಳ ಕೊಡಲಾಗದೆ ಕೂರುತ್ತದೆ. ಗಡಿಯಾಚೆ ಪಾಲುದಾರರಿದ್ದರೆ ಕಷ್ಟ ಇನ್ನೂ ಹೆಚ್ಚು: ಅನುದಾನ ಯೂರೋದಲ್ಲಿ, ಬಿಲ್ಲು ಪೌಂಡಿನಲ್ಲಿ. ವಿನಿಮಯ ದರ ಬದಲಾದರೆ ನಷ್ಟ ಯಾರದ್ದು ಎಂದು ಕರಾರಿನಲ್ಲಿ ಬರೆದಿರದಿದ್ದರೆ ಸ್ನೇಹವೇ ಕೆಡುತ್ತದೆ.

ಸಹಕಾರ ಫಲ ಕೊಟ್ಟದ್ದನ್ನು ಹತ್ತಿರದಿಂದ ನೋಡಬೇಕಿದ್ದರೆ ಗಡಿಗೆ ಹತ್ತಿರವಿರುವ ಉತ್ತರ ಐರ್ಲೆಂಡಿನ ಡೆರಿ ನಗರದ ಆಲ್ಟ್‌ನಗೆಲ್ವಿನ್ ಆಸ್ಪತ್ರೆಗೆ ಹೋಗಬೇಕು. 2016ರಲ್ಲಿ ತೆರೆದ ಅಲ್ಲಿನ ವಿಕಿರಣ ಚಿಕಿತ್ಸಾ ಕೇಂದ್ರಕ್ಕೆ ಡಬ್ಲಿನ್ ಸರ್ಕಾರವೂ ಹಣ ಹಾಕಿದೆ. ವಿಕಿರಣ ಚಿಕಿತ್ಸೆ ವಾರಗಟ್ಟಲೆ, ಹೆಚ್ಚುಕಡಿಮೆ ದಿನವೂ ಇರುತ್ತದೆ. ಗಡಿಯಾಚೆಯ ಡೊನೆಗಾಲ್‌ನ ರೋಗಿಗಳು ಇದಕ್ಕಾಗಿ ಗಾಲ್ವೇಗೋ ಡಬ್ಲಿನ್‌ಗೋ ಹೋಗಿ ಮನೆಯಿಂದ ದೂರ ಉಳಿಯಬೇಕಿತ್ತು. ಡೊನೆಗಾಲ್‌ನ ಲೆಟರ್‌ಕೆನ್ನಿ ಊರಿನಿಂದ ಡೆರಿಗೆ ಸುಮಾರು 35 ಕಿಲೋಮೀಟರ್. ಬೆಳಿಗ್ಗೆ ಹೋದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ.

ಹೊಸದಾಗಿ ಇಂಥ ಒಪ್ಪಂದ ಬರೆಯುವವರು ಮೂರು ಸಾಲುಗಳಿಗೆ ಪಟ್ಟು ಹಿಡಿಯಲಿ: ನಾಗರಿಕ ವೇದಿಕೆಯನ್ನು ಕರಾರಿನ ಮೂಲ ಪಠ್ಯದಲ್ಲೇ ಸೇರಿಸಬೇಕು, ಅದರ ಸಲಹೆಗೆ ಜವಾಬು ಕೊಡಲು ಸರ್ಕಾರಕ್ಕೆ ದಿನಾಂಕ ಗೊತ್ತು ಮಾಡಬೇಕು, ಲೆಕ್ಕ ಬರೆಯುವವರ ಸಂಬಳವೂ ಸೇರಿದಂತೆ ಸಣ್ಣ ಸಂಘಗಳಿಗೆ ಮೊದಲ ಕಂತು ಮುಂಗಡವಾಗಿ ಸಿಗಬೇಕು.