ಮಾತ್ರೆ ನುಂಗಿದ ದಿನಗಳ ಲೆಕ್ಕ

ಡೊಂಬಿವಲಿಯಿಂದ ಫೋರ್ಟ್‌ವರೆಗೆ ದಿನವೂ ಲೋಕಲ್‌ನಲ್ಲಿ ಓಡಾಡುವ ಕನ್ನಡಿಗರ ಚೀಲದಲ್ಲಿ, ಊಟದ ಡಬ್ಬಿಯ ಪಕ್ಕ, ತಲೆನೋವಿನ ಮಾತ್ರೆಯ ಅರ್ಧ ಖಾಲಿಯಾದ ಸ್ಟ್ರಿಪ್ ಇರುವುದು ಅಪರೂಪವೇನಲ್ಲ. ಅಮೃತಾಂಜನವು 1893ರಲ್ಲಿ ಹುಟ್ಟಿದ್ದು ಇದೇ ಬೊಂಬಾಯಿಯಲ್ಲಿ. ಮುಲಾಮಿನ ಡಬ್ಬಿ ಬರಿದಾದದ್ದು ಮನೆಮಂದಿಗೆಲ್ಲ ಕಾಣುತ್ತದೆ, ಆದರೆ ತಿಂಗಳಲ್ಲಿ ಎಷ್ಟು ದಿನ ಮಾತ್ರೆ ನುಂಗಿದೆವು ಎಂಬುದನ್ನು ನಮ್ಮಲ್ಲಿ ಹೆಚ್ಚಿನವರು ಗಮನಿಸುವುದೇ ಇಲ್ಲ. ವೈದ್ಯರಿಗೆ ಮೊದಲು ಬೇಕಾಗಿರುವುದು ಆ ಲೆಕ್ಕವೇ.

ತಿಂಗಳಿಗೆ 15 ಅಥವಾ ಅದಕ್ಕಿಂತ ಹೆಚ್ಚು ದಿನ ತಲೆನೋವಿದ್ದು, ಮೂರು ತಿಂಗಳಿಗೂ ಮೀರಿ ಮಾತ್ರೆಯ ಅತಿಬಳಕೆ ನಡೆದಿದ್ದರೆ, ಆ ಮಾತ್ರೆಯೇ ನೋವನ್ನು ಉಳಿಸಿಕೊಂಡು ಬರುತ್ತಿರಬಹುದು. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಸರಳ ಮಾತ್ರೆಗಳಿಗೆ ಅತಿಬಳಕೆಯ ಮಿತಿ ತಿಂಗಳಿಗೆ 15 ದಿನ. ಕೆಫೀನ್ ಬೆರೆತ ಸಂಯುಕ್ತ ಮಾತ್ರೆಗಳಿಗೂ ಮೈಗ್ರೇನ್‌ಗೆ ಕೊಡುವ ಟ್ರಿಪ್ಟಾನ್‌ಗಳಿಗೂ ಕೇವಲ 10 ದಿನ. ಇಂಥ ಸಂಯುಕ್ತ ಮಾತ್ರೆಗಳೂ ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸುಲಭವಾಗಿ ಸಿಗುವುದು ವಿಪರ್ಯಾಸ. ಇವನ್ನು ನಿಲ್ಲಿಸಿದ ಮೊದಲ ಕೆಲವು ದಿನ ನೋವು ಹೆಚ್ಚಾಗುವುದುಂಟು; ಆದ್ದರಿಂದ ಈ ಕೆಲಸವನ್ನು ವೈದ್ಯರ ಕಣ್ಗಾವಲಿನಲ್ಲಿಯೇ ಮಾಡಬೇಕು. ಸಿಡಿಲು ಬಡಿದಂತೆ ಹಠಾತ್ತನೆ ಬಂದ ನೋವು, ಜ್ವರದೊಂದಿಗೆ ಕತ್ತು ಸೆಟೆದುಕೊಳ್ಳುವುದು, ಕೈಕಾಲಿನ ಬಲಹೀನತೆ ಇವಿದ್ದರಂತೂ ಯಾವ ಲೆಕ್ಕವೂ ಬೇಡ, ನೇರವಾಗಿ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಮಾತ್ರೆಯ ದಿನಗಳನ್ನು ಇಳಿಸುವುದು ಹೇಗೆ? ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪ್ರಕಟಿಸಿದ ಸ್ನಾಯು ಸಡಿಲಿಕೆಯ ಕ್ರಮ ಇಂದಿಗೂ ಬಳಕೆಯಲ್ಲಿದೆ. ಹೋಟೆಲಿನ ಗಲ್ಲಾದಲ್ಲಿ ಬೆಳಗಿನಿಂದ ಕತ್ತು ಬಗ್ಗಿಸಿ ಬಿಲ್ಲು ನೋಡುವವರ ಭುಜಗಳು ಮಧ್ಯಾಹ್ನದ ಹೊತ್ತಿಗೆ ಕಿವಿಯತ್ತ ಏರಿರುತ್ತವೆ, ದವಡೆ ಕಚ್ಚಿಕೊಂಡಿರುತ್ತದೆ. ಅದು ಅವರಿಗೇ ತಿಳಿದಿರುವುದಿಲ್ಲ. ಈ ಕ್ರಮದಲ್ಲಿ ಭುಜಗಳನ್ನು ಬೇಕೆಂದೇ ಇನ್ನಷ್ಟು ಮೇಲೆತ್ತಿ, ಐದಾರು ಸೆಕೆಂಡ್ ಬಿಗಿಹಿಡಿದು, ಒಮ್ಮೆಗೇ ಬಿಟ್ಟುಬಿಡಬೇಕು. ಅನಂತರ ಅರ್ಧ ನಿಮಿಷ ಆ ಸಡಿಲತೆಯನ್ನಷ್ಟೇ ಗಮನಿಸಬೇಕು. ಮುಷ್ಟಿ, ಹಣೆ, ದವಡೆ, ಕತ್ತು ಹೀಗೆ ಒಂದೊಂದನ್ನೂ ಸರದಿಯಂತೆ ಬಿಗಿದು ಬಿಡುತ್ತ ಹೋದರೆ, ಬಿಗಿತ ಎಂದರೇನು ಎಂಬುದು ಮೈಗೆ ಪರಿಚಯವಾಗುತ್ತದೆ, ಮುಂದೆ ಅದು ಶುರುವಾದಾಗಲೇ ಬಿಡಿಸಿಕೊಳ್ಳಲು ಸಾಧ್ಯವಾಗುತ್ತದೆ. ಕಲಿಯಲು ವಾರಗಳು ಬೇಕು. ಎರಡು ದಿನ ಮಾಡಿ ‘ಪ್ರಯೋಜನವಿಲ್ಲ’ ಎನ್ನುವವರೇ ಹೆಚ್ಚು.

ಇದು ಔಷಧಕ್ಕೆ ಎದುರಾಳಿ ಎಂದು ತಿಳಿಯುವುದು ಸರಿಯಲ್ಲ. ತಲೆಯ ಸುತ್ತ ಪಟ್ಟಿ ಬಿಗಿದಂತಾಗುವ ದೀರ್ಘಕಾಲದ ಟೆನ್ಷನ್ ತಲೆನೋವಿನ 203 ರೋಗಿಗಳ ಮೇಲೆ ಕೆನೆತ್ ಹಾಲ್‌ರಾಯ್ಡ್ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 2001ರಲ್ಲಿ ಪ್ರಕಟವಾಯಿತು. ನೋವು ಅರ್ಧಕ್ಕಾದರೂ ಇಳಿದವರು ಅಮಿಟ್ರಿಪ್ಟಿಲಿನ್ ವರ್ಗದ ಔಷಧವನ್ನಷ್ಟೇ ಪಡೆದವರಲ್ಲಿ ಶೇ. 38, ಸಡಿಲಿಕೆಯನ್ನೊಳಗೊಂಡ ಒತ್ತಡ ನಿರ್ವಹಣೆಯನ್ನಷ್ಟೇ ಕಲಿತವರಲ್ಲಿ ಶೇ. 35, ಎರಡನ್ನೂ ಪಡೆದವರಲ್ಲಿ ಶೇ. 64. ಹುಸಿ ಮಾತ್ರೆಯಿಂದಲೇ ಶೇ. 29 ಜನರಿಗೆ ಅಷ್ಟು ಗುಣ ಕಂಡಿತ್ತು ಎಂಬುದನ್ನು ನೋಡಿದರೆ, ಬಿಡಿಬಿಡಿಯಾಗಿ ಎರಡರ ಮೇಲುಗೈಯೂ ಅಷ್ಟಕ್ಕಷ್ಟೇ. ಔಷಧ ಬೇಗ ಕೆಲಸ ಮಾಡಿತು, ಅಭ್ಯಾಸದ ಫಲ ತಡವಾಗಿ ಬಂತು. ಅಮಿಟ್ರಿಪ್ಟಿಲಿನ್ ಖಿನ್ನತೆಯ ಔಷಧವೆಂದು ತಿಳಿದೊಡನೆ ‘ನನಗೇನು ಹುಚ್ಚೇ?’ ಎಂದು ಅನೇಕರು ಬಿಟ್ಟುಬಿಡುತ್ತಾರೆ. ಆದರೆ ತಲೆನೋವು ಬಾರದಂತೆ ತಡೆಯಲು ಅದನ್ನು ಸಾಮಾನ್ಯವಾಗಿ ರಾತ್ರಿ ಸಣ್ಣ ಪ್ರಮಾಣದಲ್ಲಿ ಆರಂಭಿಸುತ್ತಾರೆ, ಬಾಯಿ ಒಣಗುವುದೂ ತೂಕಡಿಕೆಯೂ ಅದರ ಸಾಮಾನ್ಯ ತೊಂದರೆಗಳು.

ಮೈಗ್ರೇನ್ ವಿಷಯದಲ್ಲಿ ದೆಹಲಿಯ ಏಮ್ಸ್ ವೈದ್ಯರು 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೇ ದಿಕ್ಕಿನದು: ಔಷಧದ ಜೊತೆಗೆ ಮೂರು ತಿಂಗಳು ಯೋಗಾಭ್ಯಾಸ ಮಾಡಿದವರಲ್ಲಿ, ಔಷಧವನ್ನಷ್ಟೇ ಪಡೆದವರಿಗಿಂತ ನೋವಿನ ಸರದಿಗಳೂ ನುಂಗುವ ಮಾತ್ರೆಗಳೂ ಹೆಚ್ಚು ಇಳಿದವು. ಆದರೆ ವಾಂತಿ ಬರುವಂತಾಗಿ, ಬೆಳಕು ಕಣ್ಣಿಗೆ ಚುಚ್ಚುವಷ್ಟು ಮೈಗ್ರೇನ್ ಏರಿದಾಗ ಭುಜ ಸಡಿಲಿಸುತ್ತ ಕೂರುವುದು ವ್ಯರ್ಥ. ಅಂಥ ದಿನಕ್ಕೆಂದು ವೈದ್ಯರು ಹೇಳಿದ ಮಾತ್ರೆಯನ್ನು, ನೋವು ಶುರುವಾಗುತ್ತಿದ್ದಂತೆಯೇ, ಸಾಕಷ್ಟು ಪ್ರಮಾಣದಲ್ಲಿ ತೆಗೆದುಕೊಂಡು ಕತ್ತಲೆ ಕೋಣೆಯಲ್ಲಿ ಮಲಗಬೇಕು, ಮತ್ತು ಗೋಡೆಯ ಕ್ಯಾಲೆಂಡರಿನ ಆ ತಾರೀಖಿಗೊಂದು ಗುರುತು ಹಾಕಬೇಕು. ಸಡಿಲಿಕೆಯ ಅಭ್ಯಾಸ ನಡೆಯಬೇಕಾದದ್ದು ಗುರುತಿಲ್ಲದ ದಿನಗಳಲ್ಲಿ.