ಅತ್ತೆಯ ಸ್ನಾನ, ಟ್ಯಾಂಕರ್ ಬಿಲ್ಲು

2024ರ ಬೇಸಿಗೆ. ಬೆಂಗಳೂರಿನ ವಿಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಕೈಕೊಟ್ಟಿತ್ತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ್ದ ದಿನಗಳು. ಫ್ಲಾಟಿಗೊಂದು ನೀರಿನ ಮೀಟರ್ ಹಾಕಿಸೋಣವೇ ಎಂದು ಪಾರ್ಕಿಂಗಿನಲ್ಲಿ ಕುರ್ಚಿ ಹಾಕಿ ಮೀಟಿಂಗ್ ಕರೆದಿದ್ದರು. ಖಜಾಂಚಿಗಳು ಟ್ಯಾಂಕರ್ ಬಿಲ್ಲು ಹರಡಿಕೊಂಡು ಲೆಕ್ಕ ಒಪ್ಪಿಸುತ್ತಿದ್ದರು. ಮೂರನೇ ಮಹಡಿಯ ಆಂಟಿ ಎದ್ದರು. "ನಮ್ಮತ್ತೆ ಹಾಸಿಗೆ ಹಿಡಿದು ಎರಡು ವರ್ಷ ಆಯ್ತು. ಅವರ ಸ್ನಾನಕ್ಕೂ ಲೀಟರ್ ಲೆಕ್ಕ ಹಾಕ್ತೀರಾ?"

ಬಿಲ್ಲುಗಳ ಕಡೆ ಆಮೇಲೆ ಯಾರೂ ನೋಡಲಿಲ್ಲ. "ನಂದು ಲಾಜಿಕ್, ಮೇಡಂ, ನಿಮ್ದು ಸೆಂಟಿಮೆಂಟ್" ಎಂದು ಖಜಾಂಚಿ ಗೊಣಗಿದರು. ಅದೂ ತರ್ಕವಲ್ಲ, ಮೂದಲಿಕೆ.

ನಮ್ಮ ಹಳೆಯ ತರ್ಕಶಾಸ್ತ್ರದ ಗ್ರಂಥವಾದ ನ್ಯಾಯಸೂತ್ರವು ಇಂಥ ಮಾತುಕತೆಯನ್ನು ಮೂರು ಬಗೆ ಮಾಡುತ್ತದೆ. ನಿಜ ತಿಳಿಯಲು ಆಡುವುದು ವಾದ, ಗೆಲ್ಲಲೆಂದೇ ಆಡುವುದು ಜಲ್ಪ, ತನ್ನದೇನೂ ಹೇಳದೆ ಎದುರಿನವರದನ್ನು ಬರೀ ಕೆಡವುವುದು ವಿತಂಡ. (ಮೂರನೆಯದಕ್ಕೆ ನಮ್ಮಲ್ಲಿ ಬರವಿಲ್ಲ.) ವಾದಕ್ಕೆ ಮುಖ್ಯವಾಗಿ ಬೇಕಾದದ್ದು ಹೇತು, ಅಂದರೆ ಹೇಳಿದ್ದಕ್ಕೆ ಕಾರಣ. ಬೆಟ್ಟದಲ್ಲಿ ಬೆಂಕಿಯಿದೆ ಅಂದರೆ ಸಾಲದು, ಹೊಗೆ ತೋರಿಸಬೇಕು. ಹೊಗೆಯಿದ್ದಲ್ಲಿ ಬೆಂಕಿಯಿರುತ್ತದೆ ಅನ್ನುವುದಕ್ಕೆ ಅಡುಗೆಮನೆಯ ಉದಾಹರಣೆ ಕೊಡಬೇಕು.

ಹಾಗಂತ ಭಾವನೆಯನ್ನು ಗೇಟಿನಾಚೆ ನಿಲ್ಲಿಸಿದರೆ ಶುದ್ಧ ತರ್ಕ ಉಳಿಯುತ್ತದೆಯೇ? ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ 1994ರ ತಮ್ಮ ಪುಸ್ತಕದಲ್ಲಿ ಒಬ್ಬ ರೋಗಿಯ ವಿಷಯ ಬರೆದಿದ್ದಾರೆ. ಹಣೆಯ ಹಿಂದೆ, ಮೆದುಳಿನ ಮುಂಭಾಗದ ಕೆಳಪಾರ್ಶ್ವಕ್ಕೆ ಪೆಟ್ಟಾಗಿದ್ದವನು. ಇಂಥವರಲ್ಲಿ ಬುದ್ಧಿ ನೆಟ್ಟಗಿರುತ್ತದೆ, ಭಾವನೆ ಮಂಕಾಗಿರುತ್ತದೆ. ಮುಂದಿನ ಭೇಟಿಗೆ ಎರಡು ದಿನಾಂಕ ಕೊಟ್ಟು ಯಾವುದಾಗುತ್ತದೆ ಎಂದು ಕೇಳಿದರೆ, ಆತ ಡೈರಿ ತೆಗೆದು, ಬೇರೆ ಕೆಲಸ, ಮಳೆಗಾಳಿ ಎಲ್ಲವನ್ನೂ ತೂಗುತ್ತ ಸುಮಾರು ಅರ್ಧ ಗಂಟೆ ಕೂತ. ಕೊನೆಗೆ ವೈದ್ಯರೇ "ಎರಡನೆಯ ದಿನ ಬನ್ನಿ" ಅಂದರು. "ಆಗಲಿ" ಎಂದು ಎದ್ದು ಹೋದ! ಎಣಿಕೆಗೆ ಕೊರತೆಯಿರಲಿಲ್ಲ, ಇಷ್ಟು ಸಾಕು ಅನ್ನಿಸುವ ಮನಸ್ಸು ಇರಲಿಲ್ಲ.

ಆಂಟಿಯ ಮಾತಿನಲ್ಲೂ ಸಂಕಟದ ಒಳಗೆ ಒಂದು ಹೇತು ಇತ್ತು: ಹಾಸಿಗೆ ಹಿಡಿದವರಿರುವ ಮನೆಗೆ ನೀರು ಹೆಚ್ಚು ಬೇಕು. ಆದರೆ ಅದರಿಂದ ಹೊರಡುವುದು ಆ ಮನೆಗೆ ದರದಲ್ಲಿ ರಿಯಾಯಿತಿ ಕೊಡಬೇಕು ಎಂಬುದೇ ಹೊರತು ಮೀಟರೇ ಬೇಡ ಎಂಬುದಲ್ಲ. ಅಷ್ಟಕ್ಕೂ ಎಷ್ಟು ಹೆಚ್ಚು ಎಂದು ಗೊತ್ತಾಗಲಿಕ್ಕಾದರೂ ಮೀಟರ್ ಬೇಕಲ್ಲ?

ಇದೆಲ್ಲ ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ. ಮೀಟಿಂಗಿನಲ್ಲಿ ಮೀಟರ್ ಬೇಡ ಅಂತ ನಾನೂ ಕೈ ಎತ್ತಿ ಬಂದಿದ್ದೆ.