ಬಿಲ್ಲಬಲ್ ಕೋಡ್: ‘ಜಿ’ ಅಧ್ಯಾಯ ತೆರೆದು ನೋಡಿದರೆ

ರೋಗ, ಚಿಕಿತ್ಸೆಗಳನ್ನು ಅಕ್ಷರ-ಅಂಕಿಗಳ ಸಂಕೇತವಾಗಿ ಬರೆಯುವ ಮೆಡಿಕಲ್ ಕೋಡಿಂಗ್ ಕಲಿಯಲು ಸೇರಿದವರ ಕಿವಿಗೆ ಬೇಗನೆ ಬೀಳುವ ಪದ ‘ಬಿಲ್ಲಬಲ್ ಕೋಡ್’. ಈ ಕೋಡ್ ಹಾಕಿದರೆ ಇನ್ಶೂರೆನ್ಸ್‌ನಿಂದ ದುಡ್ಡು ಬರುತ್ತದೆ ಎಂದು ಹಲವರು ಅರ್ಥ ಮಾಡಿಕೊಂಡುಬಿಡುತ್ತಾರೆ. ಅಷ್ಟು ದೊಡ್ಡ ಭರವಸೆಯನ್ನು ಆ ಪದ ಕೊಡುವುದಿಲ್ಲ. ಕೋಡ್ ಕೊನೆಯ ಸ್ಥಾನದವರೆಗೆ ಪೂರ್ತಿಯಾಗಿದೆ, ಅದರ ಕೆಳಗೆ ಇನ್ನು ಕವಲಿಲ್ಲ, ಆದ್ದರಿಂದ ವಿಮೆಯವರಿಂದ ಹಣ ಕೇಳುವ ಅರ್ಜಿಯಾದ ಕ್ಲೇಮ್‌ನಲ್ಲಿ ಬರೆಯಬಹುದು ಎಂಬಷ್ಟೇ ಅದರ ಅರ್ಥ.

ಪದ ಹುಟ್ಟಿದ್ದು ಅಮೆರಿಕದ ಪದ್ಧತಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹತ್ತನೇ ಆವೃತ್ತಿ, ಅಂದರೆ ಐಸಿಡಿ-10, ಒಪ್ಪಿಗೆ ಪಡೆದದ್ದು 1990ರಲ್ಲಿ. ಅಮೆರಿಕ ಅದಕ್ಕೆ ತನ್ನದೇ ಕವಲುಗಳನ್ನು ಸೇರಿಸಿ ಐಸಿಡಿ-10-ಸಿಎಂ ಮಾಡಿಕೊಂಡು, 2015ರ ಅಕ್ಟೋಬರ್ 1ರಿಂದ ಬಳಸುತ್ತಿದೆ. ಅಲ್ಲಿನ ಆಸ್ಪತ್ರೆಗಳ ಚಾರ್ಟ್ (ರೋಗಿಯ ದಾಖಲೆ) ಓದಿ ಕೋಡ್ ಹಾಕುವ ಕೆಲಸ ಬೆಂಗಳೂರು, ಚೆನ್ನೈ, ಹೈದರಾಬಾದ್‌ಗಳ ಕಚೇರಿಗಳಲ್ಲಿ ನಡೆಯುವುದರಿಂದ, ಬಿಎಸ್ಸಿ, ಬಿ.ಫಾರ್ಮ ಮುಗಿಸಿದ ನಮ್ಮ ಹುಡುಗ ಹುಡುಗಿಯರ ದಿನದ ಮಾತಿನಲ್ಲಿ ಈ ಪದ ಸೇರಿಹೋಗಿದೆ.

ನರಮಂಡಲದ ಕಾಯಿಲೆಗಳದ್ದು ಜಿ ಅಕ್ಷರದ ಅಧ್ಯಾಯ, ಜಿ00ಯಿಂದ ಜಿ99ರವರೆಗೆ. ಮೆನಿಂಜೈಟಿಸ್‌ನಿಂದ ಶುರುವಾಗಿ ಪಾರ್ಕಿನ್‌ಸನ್, ಆಲ್ಝೈಮರ್, ಮೂರ್ಛೆರೋಗ, ಮೈಗ್ರೇನ್ ಎಲ್ಲ ದಾಟಿ, ಬೇರೆಲ್ಲೂ ಸೇರದವುಗಳ ಗುಂಪಿಗೆ ಬಂದು ನಿಲ್ಲುತ್ತದೆ. ಆ ಗುಂಪಿನಲ್ಲಿ ಜಿ96.9 ಇದೆ: ಕೇಂದ್ರ ನರಮಂಡಲದ ಕಾಯಿಲೆ, ಯಾವುದೆಂದು ನಿರ್ದಿಷ್ಟವಾಗಿ ಹೇಳಿಲ್ಲ. ಮೆದುಳಿನದೋ ಬೆನ್ನುಹುರಿಯದೋ ಎಂಬುದೂ ಗೊತ್ತಾಗದಂತೆ ಮುಗುಮ್ಮಾಗಿರುವ ಈ ಕೋಡ್ ಬಿಲ್ಲಬಲ್. ಜಿ40.9 ಕನಿಷ್ಠ ಮೂರ್ಛೆರೋಗ ಎಂದಾದರೂ ಹೇಳುತ್ತದೆ, ಆದರೆ ಅದು ಬಿಲ್ಲಬಲ್ ಅಲ್ಲ. ಕಾರಣ ಇಷ್ಟೇ: ಜಿ96.9ರ ಕೆಳಗೆ ಕವಲಿಲ್ಲ, ಜಿ40.9ರ ಕೆಳಗೆ ಇದೆ.

ಆ ಕವಲನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜಿ40.9 ಆದಮೇಲೆ ಐದನೇ ಸ್ಥಾನದ ಪ್ರಶ್ನೆ: ಫಿಟ್ಸ್ ಔಷಧಿಗೆ ಬಗ್ಗುತ್ತಿದೆಯೇ, ಇಲ್ಲವೇ? ಬಗ್ಗುತ್ತಿದ್ದರೆ 0, ಬಗ್ಗದಿದ್ದರೆ 1. ಆರನೇ ಸ್ಥಾನದ ಪ್ರಶ್ನೆ: ಬಿಡದೆ ಮುಂದುವರಿಯುವ ಫಿಟ್ಸ್, ಅಂದರೆ ಸ್ಟೇಟಸ್ ಎಪಿಲೆಪ್ಟಿಕಸ್, ಇತ್ತೇ? ಇದ್ದರೆ 1, ಇಲ್ಲದಿದ್ದರೆ 9. ಹೀಗೆ ಜಿ40.909 ಅಂದರೆ ಔಷಧಿಗೆ ಬಗ್ಗುವ, ಸ್ಟೇಟಸ್ ಇಲ್ಲದ, ಬಗೆ ಹೇಳಿರದ ಮೂರ್ಛೆರೋಗ. ಔಷಧಿಗೆ ಬಗ್ಗದ್ದನ್ನು ‘ಇಂಟ್ರಾಕ್ಟಬಲ್’ ಅನ್ನುತ್ತಾರೆ. ಡಾಕ್ಟರು ಆ ಪದವನ್ನೇ ಬರೆಯಬೇಕೆಂದಿಲ್ಲ. ‘ಪೂರ್‌ಲಿ ಕಂಟ್ರೋಲ್ಡ್’ ಎಂದೋ ‘ರಿಫ್ರಾಕ್ಟರಿ’ ಎಂದೋ ಬರೆದಿದ್ದರೂ ಅದು ಇಂಟ್ರಾಕ್ಟಬಲ್‌ಗೆ ಸಮ ಎಂದು ಕೋಡ್ ಪುಸ್ತಕದಲ್ಲಿ ಜಿ40ರ ಕೆಳಗೇ ಟಿಪ್ಪಣಿಯಿದೆ. ಪುಟ ತಿರುಗಿಸದೆ ಸಾಫ್ಟ್‌ವೇರ್‌ನಲ್ಲಿ ಹುಡುಕಿ ಕೋಡ್ ಹಾಕುವವರ ಕಣ್ಣಿಗೆ ತಪ್ಪಿಹೋಗುವುದು ಇಂಥ ಟಿಪ್ಪಣಿಗಳೇ.

ಇನ್ನೂ ಸೂಕ್ಷ್ಮವಾದದ್ದೊಂದಿದೆ. ಚಾರ್ಟ್‌ನಲ್ಲಿ ಬರೀ ‘ಸೀಶರ್’ (ಫಿಟ್ಸ್) ಎಂದಿದ್ದರೆ ಆರ್56.9, ಅದು ಲಕ್ಷಣಗಳ ಅಧ್ಯಾಯದ್ದು. ‘ಸೀಶರ್ ಡಿಸಾರ್ಡರ್’ ಎಂದಿದ್ದರೆ ನೇರವಾಗಿ ಜಿ40.909. ಎರಡೂ ಬಿಲ್ಲಬಲ್, ಆದರೆ ಎರಡನೆಯದು ಬಿದ್ದ ಕ್ಷಣ ಆ ಮನುಷ್ಯನ ದಾಖಲೆಯಲ್ಲಿ ಮೂರ್ಛೆರೋಗಿ ಎಂಬ ಹಣೆಪಟ್ಟಿ. ಒಂದೇ ಸಲ ಫಿಟ್ಸ್ ಬಂದವರಿಗೆ ಅವಸರದಲ್ಲಿ ಇದನ್ನು ಅಂಟಿಸುವುದು ಸಣ್ಣ ತಪ್ಪು ಅಂತ ನನಗನಿಸುವುದಿಲ್ಲ.

ಅನುಮಾನದ ರೋಗಗಳಿಗೂ ನಿಯಮವಿದೆ. ಹೊರರೋಗಿ ವಿಭಾಗದಲ್ಲಿ ಡಾಕ್ಟರು ‘ಮಲ್ಟಿಪಲ್ ಸ್ಕ್ಲೆರೋಸಿಸ್ ಇರಬಹುದು’ (ಮೆದುಳು, ಬೆನ್ನುಹುರಿಯ ಒಂದು ಕಾಯಿಲೆ) ಎಂದು ಬರೆದರೆ ಕೋಡರ್ ಅದನ್ನು ಕೋಡ್ ಮಾಡುವಂತಿಲ್ಲ. ರೋಗಿ ಹೇಳಿಕೊಂಡ ಕೈ ಜುಮುಜುಮುವಿಗೆ ಆರ್20.2 ಹಾಕಿ ಬಿಡಬೇಕು. ಒಳರೋಗಿಯ ಡಿಸ್ಚಾರ್ಜ್ ಹೊತ್ತಿಗೂ ‘ಇರಬಹುದು’ ಎಂದೇ ಉಳಿದಿದ್ದರೆ, ಆಸ್ಪತ್ರೆಯ ಬಿಲ್ಲಿಗೆ ರೋಗ ಇದೆ ಎಂದೇ ಕೋಡ್ ಮಾಡಬಹುದು.

ಪಾರ್ಶ್ವವಾಯು ಮೆದುಳಿನದ್ದಾದರೂ ಜಿ ಅಧ್ಯಾಯದಲ್ಲಿಲ್ಲ. ಐಸಿಡಿ-10ರ ಪ್ರಕಾರ ಅದು ರಕ್ತಪರಿಚಲನೆಯ ಕಾಯಿಲೆ, ಐ60ರಿಂದ ಐ69. 2022ರ ಜನವರಿಯಲ್ಲಿ ಜಾರಿಗೆ ಬಂದ ಐಸಿಡಿ-11 ಅದನ್ನು ನರಮಂಡಲಕ್ಕೆ ತಂದಿದೆ, ಅಮೆರಿಕದ ಬಿಲ್ಲಿಂಗ್ ಮಾತ್ರ ಇನ್ನೂ ಹಳೆಯ ಮನೆಯಲ್ಲೇ ಇದೆ. ಸ್ಟ್ರೋಕ್ ನಂತರ ಒಂದು ಬದಿ ಬಿದ್ದುಹೋಗಿದ್ದರೆ, ರೋಗಿ ಬಲಗೈ ಬಳಸುವವರೋ ಎಡಚರೋ ಎಂಬುದೂ ಕೋಡ್‌ಗೆ ಬೇಕು. ಚಾರ್ಟ್‌ನಲ್ಲಿ ಬರೆದಿಲ್ಲವೆಂದರೆ ಬಲಬದಿ ಬಿದ್ದವರಿಗೆ ‘ಪ್ರಬಲ ಬದಿ’ ಎಂದೂ ಎಡಬದಿ ಬಿದ್ದವರಿಗೆ ‘ಪ್ರಬಲವಲ್ಲದ ಬದಿ’ ಎಂದೂ ಹಿಡಿಯಬೇಕು. ಐ69.351 ಎಂಬ ಆರು ಸ್ಥಾನದಲ್ಲಿ ಮೆದುಳಿನ ರಕ್ತನಾಳ ಕಟ್ಟಿದ್ದು, ಅದರಿಂದ ಅರ್ಧಾಂಗ ಬಿದ್ದದ್ದು, ಬಲಗೈಯವರ ಬಲಬದಿ ಎಂಬುದು, ಮೂರೂ ಅಡಗಿವೆ.

ನಮ್ಮ ಶಿವಮೊಗ್ಗದ್ದೂ ಒಂದು ಕೋಡ್ ಇದೆ, ಎ98.2. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ. ಜ್ವರ ಬಿಟ್ಟ ಮೇಲೆ ಕೆಲವರಲ್ಲಿ ಎರಡನೇ ಹಂತವಾಗಿ ತಲೆನೋವು, ನಡುಕ, ಗೊಂದಲ ಕಾಣಿಸಿಕೊಂಡರೂ ಪುಸ್ತಕ ಅದನ್ನು ಇಟ್ಟಿರುವುದು ರಕ್ತಸ್ರಾವದ ವೈರಸ್ ಜ್ವರಗಳ ಸಾಲಿನಲ್ಲಿ.

ಬಿಲ್ಲಬಲ್ ಎಂಬ ಗುಣ ಶಾಶ್ವತವೂ ಅಲ್ಲ. ಪಾರ್ಕಿನ್‌ಸನ್‌ಗೆ ಎಂಟು ವರ್ಷ ಬರೀ ಜಿ20 ಸಾಕಾಗಿತ್ತು. 2023ರ ಅಕ್ಟೋಬರ್ 1ರಂದು ಅದು ಒಡೆದು ಜಿ20.ಎ1, ಎ2, ಬಿ1, ಬಿ2, ಸಿ ಆಯಿತು. ಸೆಪ್ಟೆಂಬರ್ 30ರ ವಿಸಿಟ್‌ಗೆ ಸರಿಯಿದ್ದ ಕೋಡ್ ಮರುದಿನದ ವಿಸಿಟ್‌ಗೆ ಹಾಕಿದರೆ ಕ್ಲೇಮ್ ವಾಪಸ್. ಲೆಕ್ಕಕ್ಕೆ ಬರುವುದು ಚಿಕಿತ್ಸೆ ನಡೆದ ದಿನ. ಬಿಲ್ ಕಳಿಸಿದ ದಿನವಲ್ಲ.

ಇನ್ನು ದುಡ್ಡಿನ ವಿಷಯ. ಡಾಕ್ಟರ ಕ್ಲೇಮ್ ಫಾರಂ ಸಿಎಂಎಸ್-1500ರ 21ನೇ ಕಾಲಂನಲ್ಲಿ ಹನ್ನೆರಡು ರೋಗಗಳವರೆಗೆ ಬರೆಯಬಹುದು. ಮಾಡಿದ ಪ್ರತಿ ಪರೀಕ್ಷೆಗೂ, ಉದಾಹರಣೆಗೆ ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿಗೆ (ಅದರ ಪರೀಕ್ಷಾ ಕೋಡ್ 95816), ಆ ಪಟ್ಟಿಯಲ್ಲಿನ ಯಾವ ರೋಗಕ್ಕಾಗಿ ಮಾಡಿದ್ದು ಎಂದು ತೋರಿಸಬೇಕು. ಹಣ ಕೊಡುವವರು ನೋಡುವುದು ಈ ಜೋಡಿಯನ್ನು. ಇಇಜಿ ಪಕ್ಕದಲ್ಲಿ ಜಿ40.909 ಇದ್ದರೆ ಅರ್ಥವಾಗುತ್ತದೆ, ಜಿ96.9 ಒಂದೇ ಇದ್ದರೆ ‘ಏಕೆ ಮಾಡಿದಿರಿ’ ಎಂಬ ಪ್ರಶ್ನೆ, ಆಮೇಲೆ ಡಿನಯಲ್, ಅಂದರೆ ಹಣ ನಿರಾಕರಣೆ. ಹಾಗೆಂದು ಜಿ96.9ರಂಥ, ನಿರ್ದಿಷ್ಟವಾಗಿ ಹೇಳದ ಅನ್‌ಸ್ಪೆಸಿಫೈಡ್ ಕೋಡ್ ಅಪರಾಧವೇನಲ್ಲ. ಆ ದಿನ ಡಾಕ್ಟರಿಗೆ ನಿಜವಾಗಿ ಅಷ್ಟೇ ಗೊತ್ತಿದ್ದರೆ ಅದೇ ಸರಿಯಾದ ಕೋಡ್. ಗೊತ್ತಿದ್ದೂ ಬರೆದಿಲ್ಲ ಅನಿಸಿದರೆ ಕೋಡರ್ ಕ್ವೆರಿ, ಅಂದರೆ ಸ್ಪಷ್ಟನೆ ಕೇಳುವ ಪ್ರಶ್ನೆ, ಕಳಿಸಬಹುದು, ಆದರೆ ‘ಇದು ಇಂಟ್ರಾಕ್ಟಬಲ್ ಅಲ್ಲವೇ ಡಾಕ್ಟ್ರೇ’ ಎಂದು ಬಾಯಿಗೆ ಮಾತು ಹಾಕುವಂತಿಲ್ಲ. ಯಾವ ಉತ್ತರಕ್ಕೆ ಹೆಚ್ಚು ಹಣ ಬರುತ್ತದೆ ಎಂಬ ಸುಳಿವನ್ನಂತೂ ಕೊಡಲೇಬಾರದು.

ನಮ್ಮಲ್ಲಿ ಕ್ಯಾಶ್‌ಲೆಸ್‌ಗೆ ಆಸ್ಪತ್ರೆಯ ಕೌಂಟರ್‌ನಲ್ಲಿ ತುಂಬುವ ಫಾರಂನಲ್ಲೂ, ಡಾಕ್ಟರು ಬರೆಯುವ ಭಾಗದಲ್ಲಿ, ‘ಐಸಿಡಿ 10 ಕೋಡ್’ ಎಂಬ ಕಾಲಂ ಇದೆ. ಅಲ್ಲಿ ಜಿ40.9 ಕಂಡರೆ ಗಾಬರಿ ಬೇಡ. ಕವಲುಗಳಿರುವುದು ಅಮೆರಿಕದ ಆವೃತ್ತಿಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10ರಲ್ಲಿ ಜಿ40.9 ಅಲ್ಲಿಗೇ ಪೂರ್ತಿ, ಜಿ20 ಕೂಡ.